ಆಮ್ಲಜನಕ ಕಡಿಮೆಯಾದರೆ ಜೀವಕೋಶಕ್ಕೆ ಹೇಗೆ ಗೊತ್ತಾಗುತ್ತದೆ, ಜೀನ್‌ಗಳು ಹೇಗೆ ಬದಲಾಗಿ ಕೆಲಸ ಮಾಡುತ್ತವೆ?

ಆಮ್ಲಜನಕ ಕಡಿಮೆಯಾದ ಮೇಲೆ ಕೋಶ ಹೊಸದಾಗಿ ಏನೋ ತಯಾರಿ ಶುರುಮಾಡುತ್ತದೆ ಅಂತ ಅನಿಸುತ್ತದೆ ಅಲ್ವಾ? ಹಾಗಲ್ಲ. ಎಚ್‌ಐಎಫ್-1 ಆಲ್ಫಾ ಎಂಬ ಪ್ರೋಟೀನನ್ನು ನಮ್ಮ ಕೋಶಗಳು ಸದಾ ತಯಾರಿಸುತ್ತಲೇ ಇರುತ್ತವೆ, ಆದರೆ ಆಮ್ಲಜನಕ ಸಾಕಷ್ಟಿದ್ದಾಗ ಅದು ಕೆಲವೇ ನಿಮಿಷಗಳಲ್ಲಿ ನಾಶವಾಗುತ್ತದೆ. ಪಿಎಚ್‌ಡಿ ಎಂಬ ಕಿಣ್ವಗಳು ಆಮ್ಲಜನಕವನ್ನೇ ಬಳಸಿ ಅದರ ಮೇಲೆ ಹೈಡ್ರಾಕ್ಸಿಲ್ ಎಂಬ ರಾಸಾಯನಿಕ ಗುರುತು ಹಾಕುತ್ತವೆ, ವಿಎಚ್‌ಎಲ್ ಪ್ರೋಟೀನು ಆ ಗುರುತನ್ನು ಹಿಡಿಯುತ್ತದೆ, ನಾಶಮಾಡಬೇಕೆಂದು ಸೂಚಿಸುವ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನು ಅಂಟುತ್ತದೆ, ಆಮೇಲೆ ಪ್ರೋಟೀನುಗಳನ್ನು ಒಡೆಯುವ ಕೋಶದ ಯಂತ್ರವಾದ ಪ್ರೋಟಿಯಾಸೋಮ್ ಅದನ್ನು ಚೂರುಚೂರು ಮಾಡುತ್ತದೆ.

ಆಮ್ಲಜನಕ ಸಾಲದಿದ್ದರೆ ಗುರುತು ಬೀಳುವುದಿಲ್ಲ. ಪ್ರೋಟೀನು ಉಳಿಯುತ್ತದೆ. ನ್ಯೂಕ್ಲಿಯಸ್‌ಗೆ ಹೋಗಿ, ಎಚ್‌ಐಎಫ್-1 ಬೀಟಾ ಎಂಬ ಜೋಡಿ ಪ್ರೋಟೀನಿನ ಜೊತೆ ಸೇರಿ, ಡಿಎನ್‌ಎಯ ನಿರ್ದಿಷ್ಟ ಜಾಗಗಳಲ್ಲಿ ಕೂತು ನೂರಾರು ಜೀನ್‌ಗಳನ್ನು ಚುರುಕುಗೊಳಿಸುತ್ತದೆ. ಅವುಗಳಿಂದ ತಯಾರಾಗುವ ಇಪಿಒ ಹಾರ್ಮೋನು ಕೆಂಪು ರಕ್ತಕಣಗಳನ್ನು ಹೆಚ್ಚಿಸುತ್ತದೆ, ವಿಇಜಿಎಫ್ ಎಂಬ ಪ್ರೋಟೀನು ಹೊಸ ರಕ್ತನಾಳ ಬೆಳೆಸುತ್ತದೆ, ಇನ್ನು ಗ್ಲೂಕೋಸ್ ಒಡೆಯುವ ಗ್ಲೈಕಾಲಿಸಿಸ್ ಕಿಣ್ವಗಳು ಜಾಸ್ತಿಯಾಗಿ ಆಮ್ಲಜನಕವಿಲ್ಲದೆಯೂ ಶಕ್ತಿ ಸಿಗುತ್ತದೆ.

ನನಗೆ ತುಂಬಾ ಇಷ್ಟವಾಗುವುದು ಇದೇ: ಅಳೆಯುವುದಕ್ಕೆ ಬೇರೆ ಉಪಕರಣವಿಲ್ಲ, ಆಮ್ಲಜನಕ ಖರ್ಚಾಗುವ ಕ್ರಿಯೆಯೇ ಅಳತೆ. ಇದನ್ನು ಬಿಡಿಸಿದ ವಿಜ್ಞಾನಿಗಳಾದ ಕೇಲಿನ್, ರ್ಯಾಟ್‌ಕ್ಲಿಫ್, ಸೆಮೆಂಝಾ ಅವರಿಗೆ 2019ರ ನೊಬೆಲ್ ಬಂತು. ವಿಎಚ್‌ಎಲ್ ಕೆಟ್ಟರೆ ಆಮ್ಲಜನಕ ಇದ್ದರೂ ಕೋಶ ಇಲ್ಲವೆಂದೇ ವರ್ತಿಸುತ್ತದೆ. ಮೂತ್ರಪಿಂಡದ ಹಲವು ಕ್ಯಾನ್ಸರ್‌ಗಳಲ್ಲಿ ಆಗುವುದು ಇದೇ.