ಲಸಿಕೆ ಹಾಕಿಸಿದರೂ ಮರಿಗಳಿಗೆ ರಾಣಿಖೇತ್ ಬಂತು. ಮೊದಲ ವಾರದ ಹೊಕ್ಕಳ ಸೋಂಕು ಕಾರಣವಾ?

ನಿಮ್ಮ ಪ್ರಶ್ನೆ ಇಷ್ಟು. ಪಿರಂಗುಟ್ ಹತ್ತಿರ ಗಿರಿರಾಜ ಮರಿ ಸಾಕಿದ್ದೀರಿ. ಮೊದಲ ವಾರ ಹೊಕ್ಕಳು ಬಾತು ಒಂದಷ್ಟು ಸತ್ತವು, ಅಂಗಡಿಯವರು ಕೊಟ್ಟ ಆಂಟಿಬಯೋಟಿಕ್ ಹಾಕಿದಿರಿ. ಅದರ ನಡುವೆಯೇ 7ನೇ ದಿನ ರಾಣಿಖೇತ್ ಲಸಿಕೆಯಾದ ಲಸೋಟಾ ಹನಿ ಕಣ್ಣಿಗೆ ಬಿಡಿಸಿದಿರಿ. ಈಗ ನಾಲ್ಕನೇ ವಾರ, ಮರಿಗಳು ಕತ್ತು ತಿರುಚಿಕೊಂಡು, ಹಸಿರು ಹಿಕ್ಕೆ ಹಾಕಿ ಸಾಯುತ್ತಿವೆ. ಲಸಿಕೆ ಡೂಪ್ಲಿಕೇಟಾ, ಅಥವಾ ಆ ಸೋಂಕೇ ಅದನ್ನು ಕೆಡಿಸಿತಾ?

ನಾನು ಪಶುವೈದ್ಯ. ಊರು ವಿಜಯಪುರದ ಕಡೆ, ಕೆಲಸ ಪುಣೆ ಸುತ್ತಮುತ್ತಲಿನ ಫಾರಂಗಳಲ್ಲಿ. ಈ ಪ್ರಶ್ನೆ ನನಗೆ ಕನ್ನಡದಲ್ಲೂ ಬರುತ್ತದೆ, ಮರಾಠಿಯಲ್ಲೂ ಬರುತ್ತದೆ. ರಾಣಿಖೇತ್‌ಗೆ ಇಲ್ಲಿಯವರು ಮಾನಮೋಡಿ ಅಂತಾರೆ, ನಾವು ಕೊಕ್ಕರೆ ರೋಗ ಅಂತೀವಿ. ಎಲ್ಲರೂ ಮೊದಲು ಬೈಯುವುದು ಲಸಿಕೆಯ ಬಾಟಲಿಯನ್ನೇ.

ಬಾಟಲಿ ಕೆಟ್ಟಿರಲಾರದು ಅಂತ ಅಲ್ಲ. 2ರಿಂದ 8 ಡಿಗ್ರಿಯಲ್ಲಿ ಇರಬೇಕಾದದ್ದು ಬೈಕಿನ ಡಿಕ್ಕಿಯಲ್ಲಿ ಬಂದಿದ್ದರೆ ಅದು ಬರೀ ನೀರು. ಆದರೆ ನೀವು ಐಸ್ ಹಾಕಿ ತಂದೆ, ಕಲಸಿದ ಕೂಡಲೇ ಹಾಕಿಸಿದೆ ಅಂತ ಬರೆದಿದ್ದೀರಿ. ಹಾಗಾಗಿ ನನ್ನ ಅನುಮಾನ ಹೊಕ್ಕಳ ಕಡೆಗೇ ಜಾಸ್ತಿ.

ಮರಿ ಮೊಟ್ಟೆಯಿಂದ ಹೊರಬರುವಾಗ ಹಳದಿ ಲೋಳೆಯ ಚೀಲ ಅದರ ಹೊಟ್ಟೆಯೊಳಗೇ ಇರುತ್ತದೆ. ತಾಯಿಕೋಳಿಯ ರೋಗನಿರೋಧಕ ಕಣಗಳು, ಅಂದರೆ ಪ್ರತಿಕಾಯಗಳು, ಅದರಲ್ಲಿರುತ್ತವೆ, ಮೊದಲ ವಾರದಲ್ಲಿ ಅದು ಕರಗಿ ರಕ್ತಕ್ಕೆ ಸೇರಬೇಕು. ಹೊಕ್ಕಳು ಸರಿಯಾಗಿ ಮುಚ್ಚದೆ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ ಒಳಗೆ ಹೊಕ್ಕರೆ ಅದು ಕರಗುವುದಿಲ್ಲ. ಅಂಥ ಮರಿಯನ್ನು ಕೊಯ್ದು ನೋಡಿದರೆ ಹಸಿರು ಮಿಶ್ರಿತ ಕಂದು ಬಣ್ಣದ, ಕೊಳೆತ ವಾಸನೆಯ ಲೋಳೆ ಹಾಗೇ ಕೂತಿರುತ್ತದೆ. ತಾಯಿ ಕೊಟ್ಟ ರಕ್ಷಣೆ ಅಷ್ಟಕ್ಕಷ್ಟೇ.

ಇಲ್ಲೊಂದು ತಿರುವು ಇದೆ. ತಾಯಿಯ ಕಣಗಳು ಜಾಸ್ತಿ ಇದ್ದರೆ ಲಸಿಕೆಯ ವೈರಸ್ಸನ್ನು ಅವೇ ಹೊಡೆದು ಹಾಕುತ್ತವೆ ಅಂತ ಕೇಳಿರುತ್ತೀರಿ, ಅದು ನಿಜ. ಹಾಗಾದರೆ ಅವು ಕಡಿಮೆಯಾದ ಮರಿಯಲ್ಲಿ ಲಸಿಕೆ ಇನ್ನೂ ಚೆನ್ನಾಗಿ ಹಿಡಿಯಬೇಕಲ್ವಾ? ಆರೋಗ್ಯವಾದ ಮರಿಯಾದರೆ ಹಿಡಿಯುತ್ತದೆ. ಸೋಂಕಾದ ಮರಿಯಲ್ಲಿ ಹಿಡಿಯಲು ಬೇಕಾದ ಅಂಗವೇ ಸೊರಗಿರುತ್ತದೆ. ಕೋಳಿಯ ಗುದದ ಮೇಲ್ಭಾಗದಲ್ಲಿ ಬರ್ಸಾ ಅನ್ನುವ ಸಣ್ಣ ಚೀಲವಿದೆ. ಪ್ರತಿಕಾಯ ತಯಾರಿಸುವ ಬಿ ಕೋಶಗಳು ಬೆಳೆದು ಪಳಗುವುದು ಅಲ್ಲೇ. ಇ. ಕೋಲಿ ರಕ್ತಕ್ಕೆ ಇಳಿದರೆ ಬರ್ಸಾದಲ್ಲೂ ಕತ್ತಿನ ಥೈಮಸ್ ಗ್ರಂಥಿಯಲ್ಲೂ ಈ ರೋಗನಿರೋಧಕ ಕೋಶಗಳು ಸಾಯುತ್ತವೆ. ಸಾಲ್ಮೊನೆಲ್ಲಾ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾದ ಸೋಂಕಿನಲ್ಲೂ ಇಂಥದ್ದೇ ನಷ್ಟ ಕಾಣುತ್ತದೆ. ಜೊತೆಗೆ ಮರಿ ಮೇವು ಬಿಡುತ್ತದೆ, ಒತ್ತಡದ ಹಾರ್ಮೋನ್ ಏರುತ್ತದೆ, ಅದೂ ಬರ್ಸಾವನ್ನು ಕುಗ್ಗಿಸುತ್ತದೆ. ಲಸಿಕೆ ಕಣ್ಣಿಗೆ ಬಿದ್ದಿದೆ, ಗುರುತಿಗೆ ಬಣ್ಣ ಕಲಸಿದ್ದರೆ ನಾಲಿಗೆ ನೀಲಿಯೂ ಆಗಿದೆ. ಆದರೆ ರಕ್ತದಲ್ಲಿ ಪ್ರತಿಕಾಯ ಏರಿಲ್ಲ. ಬದುಕಿ ಉಳಿದ ಮರಿಗಳೆಲ್ಲ ಹುಷಾರಾಗಿದ್ದವು ಅಂದುಕೊಳ್ಳಬೇಡಿ. ಅರೆಬರೆ ಸೋಂಕಿನಲ್ಲಿ ಬದುಕಿದವು ಹಿಂಡಿನಲ್ಲಿ ಕೆಲವಿದ್ದರೂ ಸಾಕು, ವೈರಸ್ಸು ಅಲ್ಲಿಂದಲೇ ಹಬ್ಬುತ್ತದೆ.

ಆಂಟಿಬಯೋಟಿಕ್ ಲಸಿಕೆಯನ್ನು ಕೊಲ್ಲುವುದಿಲ್ಲ. ಲಸೋಟಾ ಜೀವಂತ ವೈರಸ್ಸು, ಆ ಔಷಧಿ ಅದನ್ನು ಮುಟ್ಟುವುದಿಲ್ಲ. ಆದರೆ ಅಂಗಡಿಯವರು ಕೊಟ್ಟದ್ದು ಯಾವುದು ಅಂತ ನೋಡಿ. ಕೊಲಿಸ್ಟಿನ್ ಅನ್ನುವ ಆಂಟಿಬಯೋಟಿಕ್ ಆಗಿದ್ದರೆ, 2019ರಿಂದ ಕೋಳಿಗೆ ಅದನ್ನು ಮಾರುವುದೇ ನಿಷೇಧ.

ಉಸಿರಾಟದ ರೋಗ ತರುವ ಮೈಕೋಪ್ಲಾಸ್ಮಾ ಬ್ಯಾಕ್ಟೀರಿಯಾದ ಕಥೆ ಬೇರೆ. ಅದು ಇರುವ ಹಿಂಡಿಗೆ ಲಸೋಟಾ ಕೊಟ್ಟರೆ ಗೊರಗೊರ ಉಸಿರು, ಸೀನು ಎಲ್ಲ ವಾರಗಟ್ಟಲೆ ಎಳೆಯುತ್ತದೆ, ಹಿಂದೆಯೇ ಇ. ಕೋಲಿ ಬರುತ್ತದೆ. ಮೊದಲ ಲಸಿಕೆಗೆ ಲಸೋಟಾಗಿಂತ ಸೌಮ್ಯವಾದ ಎಫ್ ತಳಿಯ ಲಸಿಕೆ ಮೇಲು ಅಂತ ನಾನು ಹೇಳುವುದು ಇದಕ್ಕೇ.

ಹಾಗಂತ ಮುಂದಿನ ಸಲ ಮರಿ ಸ್ವಲ್ಪ ಮಂಕಾದರೆ ಲಸಿಕೆಯನ್ನೇ ಬಿಡಬೇಡಿ. ಹೊಕ್ಕಳು ಬಾತ ಮರಿಗಳನ್ನು ಮೊದಲ ದಿನವೇ ಬೇರೆ ಮಾಡಿ, ಬ್ರೂಡರ್ ಕೆಳಗೆ 33 ಡಿಗ್ರಿ ಆಸುಪಾಸು ಕಾವು ಇಡಿ. ಹಿಂಡೇ ಜಡವಾಗಿದ್ದರೆ ವೈದ್ಯರನ್ನು ಕೇಳಿ ಕೆಲವು ದಿನ ಮುಂದೂಡಿ. ಲಸಿಕೆ ಹಾಕಿ ಎರಡು ಮೂರು ವಾರಕ್ಕೆ ಹತ್ತಾರು ಮರಿಗಳ ರಕ್ತ ತೆಗೆಸಿ ಪ್ರತಿಕಾಯ ಅಳೆಯುವ ಎಚ್‌ಐ ಟೆಸ್ಟ್ ಮಾಡಿಸಿದರೆ ಊಹೆ ಮಾಡುವ ಕೆಲಸವೇ ಇರುವುದಿಲ್ಲ. ಇನ್ನು ಮರಿ ಮಾಡಿ ಮಾರುವ ಹ್ಯಾಚರಿಯವರನ್ನೂ ಸುಮ್ನೆ ಬಿಡಬೇಡಿ. ಹೊಕ್ಕಳ ಸೋಂಕು ಬಹಳ ಸಲ ಶುರುವಾಗುವುದು ಅವರ ಕೊಳಕು ಮೊಟ್ಟೆ, ತೊಳೆಯದ ಟ್ರೇಗಳಿಂದಲೇ.

ಸದ್ಯಕ್ಕೆ ಮೊದಲು ಸರ್ಕಾರಿ ಪಶು ಆಸ್ಪತ್ರೆಗೆ ಫೋನ್ ಮಾಡಿ, ಏಕೆಂದರೆ ಹಕ್ಕಿ ಜ್ವರವೂ ಹೀಗೇ ಕಾಣಬಹುದು. ಅವರು ಹೇಳಿದಂತೆ ಪುಣೆಯ ಔಂಧ್‌ನ ರೋಗ ತಪಾಸಣಾ ಪ್ರಯೋಗಾಲಯಕ್ಕೆ ಮಾದರಿ ಹೋಗಲಿ. ಬರ್ಸಾ ಕುಗ್ಗಿದ್ದರೆ ಗಂಬೊರೊ ವೈರಸ್ಸನ್ನೂ ಪರೀಕ್ಷಿಸಲು ಹೇಳಿ. ಅದು ಬರ್ಸಾಕ್ಕೆ ಬ್ಯಾಕ್ಟೀರಿಯಾಗಿಂತ ದೊಡ್ಡ ಶತ್ರು, ಮತ್ತು ಆ ಲಸಿಕೆ ಹಾಕಿಸಿದ್ದೀರಾ ಅಂತ ನೀವು ಬರೆದೇ ಇಲ್ಲ. ಸತ್ತ ಮರಿಯನ್ನು ಫ್ರೀಜರ್‌ಗೆ ಹಾಕಬೇಡಿ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಐಸ್ ಮೇಲಿಟ್ಟು, ಅದೇ ದಿನ ತಲುಪಿಸಿ.