ಸಂಬಳವೂ ಇರಲಿ, ಸಾಗುವಳಿಯೂ ಸಾಗಲಿ

ಪ್ರಶ್ನೆ: ಮಾನ್ಯರೆ, ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯ ನೌಕರ. ವಾರಕ್ಕೆ ಎರಡು ದಿನ ಕಚೇರಿಗೆ ಹೋದರೆ ಸಾಕು, ಉಳಿದ ದಿನಗಳಲ್ಲಿ ಮನೆಯಿಂದಲೇ ಕೆಲಸ. ಕುಣಿಗಲ್ ತಾಲ್ಲೂಕಿನಲ್ಲಿ ಅಪ್ಪನಿಂದ ಬಂದ ಎರಡು ಎಕರೆ ಕೆಂಪು ನೆಲ, ಒಂದು ಕೊಳವೆಬಾವಿ, ಎಂಟು ತೆಂಗಿನ ಮರ ಮತ್ತು ಹಳೆಯ ಹೆಂಚಿನ ಮನೆ ಇವೆ. ಹೆಂಡತಿ ಮಕ್ಕಳೊಂದಿಗೆ ಅಲ್ಲಿಗೇ ಹೋಗಿ, ಕೆಲಸವನ್ನೂ ಬಿಡದೆ, ನಾಲ್ವರ ಊಟಕ್ಕೆ ಬೇಕಾದುದನ್ನೆಲ್ಲ ಬೆಳೆದುಕೊಂಡು, ಒಂದು ಹಸು ಕಟ್ಟಿಕೊಂಡು ಬದುಕಬೇಕೆಂಬ ಆಸೆಯಿದೆ. ಇದು ಆಗುವ ಮಾತೇ? (ಓದುಗರು, ಬೆಂಗಳೂರು)

ಉತ್ತರ: ಆಗುವ ಮಾತೇ. ಆದರೆ ಊಟಕ್ಕೆ ಬೇಕಾದುದೆಲ್ಲವನ್ನೂ ಬೆಳೆಯುವ ಹಟವನ್ನು ಮೊದಲ ವರ್ಷವೇ ಹಿಡಿಯಬೇಡಿ. ಇಂತಹ ಪತ್ರ ಬರೆಯುವವರಲ್ಲಿ ಹೆಚ್ಚಿನವರು ನೆಲದ ಲೆಕ್ಕವನ್ನು ಹಾಕಿರುತ್ತಾರೆ, ಹೊತ್ತಿನ ಲೆಕ್ಕವನ್ನು ಹಾಕಿರುವುದಿಲ್ಲ. ನೆಲದ ವಿಷಯದಲ್ಲಿ ನಿಮಗೆ ಕೊರತೆಯೇ ಇಲ್ಲ. ದಿನಕ್ಕೊಂದು ಹೊತ್ತು ಮುದ್ದೆ ಉಣ್ಣುವ ನಾಲ್ವರ ಮನೆಗೆ ವರ್ಷಕ್ಕೆ ಮೂರು ಕ್ವಿಂಟಲ್ ರಾಗಿ ಸಾಕಾಗುತ್ತದೆ. ಮಳೆ ಸುಮಾರಾಗಿ ಆದ ವರ್ಷ ಖುಷ್ಕಿ ನೆಲದಲ್ಲಿಯೂ ಎಕರೆಗೆ ಆರರಿಂದ ಎಂಟು ಕ್ವಿಂಟಲ್ ಬರುವುದರಿಂದ, ಅರ್ಧ ಎಕರೆಗೆ ರಾಗಿ ಬಿತ್ತಿ ನಡುನಡುವೆ ಅವರೆ, ತೊಗರಿ, ಅಲಸಂದೆಯ ಅಕ್ಕಡಿ ಸಾಲು ಹಾಕಿದರೆ, ಮುದ್ದೆಯ ಜೊತೆಗೆ ಸಾರಿನ ಕಾಳೂ ಅದೇ ಹೊಲದಿಂದ ಬರುತ್ತದೆ. ತರಕಾರಿಗೆ ಎರಡು ಗುಂಟೆ, ಅಂದರೆ ಸುಮಾರು 200 ಚದರ ಮೀಟರ್ ಇದ್ದರೆ ಧಾರಾಳ. ನಿಮ್ಮ ಎಂಟು ಮರಗಳು ತಲಾ 60 ಕಾಯಿಯಂತೆ ಬಿಟ್ಟರೂ ದಿನಕ್ಕೊಂದು ಒಡೆದು ನೂರಕ್ಕೂ ಹೆಚ್ಚು ಕಾಯಿ ಮಿಗುತ್ತದೆ. ಅಕ್ಕಿ, ಎಣ್ಣೆ, ಸಕ್ಕರೆಗಳನ್ನು ಸಂಬಳದಿಂದ ಕೊಳ್ಳುವುದರಲ್ಲಿ ಸಂಕೋಚಪಡಬೇಕಾದದ್ದು ಏನೂ ಇಲ್ಲ.

ಇನ್ನು ಹೊತ್ತಿನ ಮಾತು. ಭಾನುವಾರದವರೆಗೆ ಕಾಯುವ ಕೆಲಸಗಳು ಹೊಲದಲ್ಲಿ ಬೇಕಾದಷ್ಟಿವೆ: ಬದು ಸರಿಮಾಡುವುದು, ಗೊಬ್ಬರ ಹೊಡೆಯುವುದು, ಬೇಲಿ ಕಟ್ಟುವುದು, ಕಾಯಿ ಕೀಳಿಸುವುದು. ಕಾಯದ ಕೆಲಸಗಳು ಕೆಲವೇ, ಆದರೆ ಅವೇ ಬೆಳೆಯನ್ನು ನಿರ್ಧರಿಸುತ್ತವೆ. ಬಿತ್ತನೆಯನ್ನೇ ನೋಡಿ. ಮಳೆ ನಿಂತ ಮೇಲೆ ಹೊಲದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಅದುಮಿದರೆ ಉಂಡೆ ಕಟ್ಟಬೇಕು, ಆ ಉಂಡೆಯನ್ನು ಬೆರಳಿನಿಂದ ತಟ್ಟಿದರೆ ಪುಡಿಯಾಗಬೇಕು, ಅಂಗೈಗೆ ಕೆಸರು ಅಂಟಬಾರದು. ಹದ ಎಂದರೆ ಇದೇ, ಮತ್ತು ಕೆಂಪು ನೆಲದಲ್ಲಿ ಅದು ಎರಡು ಮೂರು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಆ ದಿನಗಳು ಮಂಗಳವಾರ, ಬುಧವಾರಗಳೇ ಆಗಿ, ನೀವು ಬೆಂಗಳೂರಿನಲ್ಲಿ ಮೀಟಿಂಗಿನಲ್ಲಿ ಕುಳಿತಿದ್ದು, ಶನಿವಾರ ಬಂದು ಬಿತ್ತಿದರೆ ಒಣಗಿದ ಮಣ್ಣಿನಲ್ಲಿ ಅರ್ಧ ಬೀಜ ಮೊಳೆಯುವುದೇ ಇಲ್ಲ. ಆದ್ದರಿಂದ ಜುಲೈ ತಿಂಗಳಲ್ಲಿ ಬಿತ್ತನೆಗೆಂದು, ಮತ್ತೆ ನವೆಂಬರಿನಲ್ಲಿ ಕೊಯ್ಲು ಮತ್ತು ಒಕ್ಕಣೆಗೆಂದು ಗಳಿಕೆ ರಜೆಯನ್ನು ಉಳಿಸಿಟ್ಟುಕೊಳ್ಳಿ, ಮದುವೆ ಮುಂಜಿಗಳಿಗೆ ಅದನ್ನು ಖರ್ಚು ಮಾಡಬೇಡಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಪಿಯು-28 ರಾಗಿ ತಳಿ ಸುಮಾರು 110 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ, ಹಾಗಾಗಿ ಬಿತ್ತಿದ ದಿನವೇ ಕ್ಯಾಲೆಂಡರಿನಲ್ಲಿ ಕೊಯ್ಲಿನ ವಾರವನ್ನು ಗುರುತುಮಾಡಿ ಮೇಲಧಿಕಾರಿಗೆ ತಿಳಿಸಿಬಿಡಬಹುದು.

ನೀರು ಹಾಯಿಸುವ ತೊಂದರೆಯೂ ನಿಮ್ಮ ಕೆಲಸದ ವೇಳೆಗೆ ಸಂಬಂಧಿಸಿದ್ದೇ. ಪಂಪ್‌ಸೆಟ್ಟಿಗೆ ಬೇಕಾದ ತ್ರೀ ಫೇಸ್ ಕರೆಂಟು ಹಳ್ಳಿಗಳಲ್ಲಿ ಪಾಳಿಯ ಮೇಲೆ ಬರುತ್ತದೆ, ಅನೇಕ ವೇಳೆ ರಾತ್ರಿಯೇ ಬರುತ್ತದೆ. ಒಂದು ಸಣ್ಣ ತೊಟ್ಟಿಗೆ ನೀರು ತುಂಬಿಸಿಕೊಂಡು, ತರಕಾರಿಗೂ ತೆಂಗಿಗೂ ಅಲ್ಲಿಂದ ಹನಿ ನೀರಾವರಿಯ ಪೈಪು ಎಳೆದುಕೊಂಡರೆ ನಡುರಾತ್ರಿ ಎದ್ದು ಗದ್ದೆಯ ಬದುವಿನ ಮೇಲೆ ನಡೆಯುವುದು ತಪ್ಪುತ್ತದೆ. ಮರುದಿನ ಬೆಳಗ್ಗೆ ಕಂಪ್ಯೂಟರಿನ ಮುಂದೆ ತೂಕಡಿಸುವುದೂ ತಪ್ಪುತ್ತದೆ. ಇನ್ವರ್ಟರು, ಎರಡು ಬೇರೆ ಬೇರೆ ಕಂಪನಿಯ ಸಿಮ್ಮು, ಇವಿಷ್ಟರ ವ್ಯವಸ್ಥೆಯನ್ನು ಮನೆ ಬದಲಿಸುವ ಮೊದಲೇ ಮಾಡಿ, ಒಂದು ವಾರ ಅಲ್ಲಿಂದಲೇ ಕೆಲಸ ಮಾಡಿ ಪರೀಕ್ಷಿಸಿ ನೋಡಿ.

ಹಸುವಿನ ವಿಷಯದಲ್ಲಿ ಮಾತ್ರ ನನ್ನ ಸಲಹೆ ಖಂಡಿತವಾಗಿ ಬೇಡ ಎಂದೇ, ಕನಿಷ್ಠ ಎರಡು ವರ್ಷ ಬೇಡ. ಬೆಳಗ್ಗೆ ಆರಕ್ಕೆ, ಸಂಜೆ ಐದಕ್ಕೆ ಕರೆಯಲೇಬೇಕು. ಮಿಶ್ರತಳಿಯ ಹಸುವಿಗೆ ದಿನಕ್ಕೆ 25 ಕಿಲೊಗ್ರಾಮಿನಷ್ಟು ಹಸಿಮೇವು ಕೊಯ್ದು ತರಬೇಕು, ಬೆದೆಗೆ ಬಂದದ್ದನ್ನು ಗುರುತಿಸಬೇಕು, ಕರು ಹಾಕುವ ರಾತ್ರಿ ಎದ್ದಿರಬೇಕು. ನೀವು ಕಚೇರಿಗೆ ಹೋಗುವ ಎರಡು ದಿನ ಇವೆಲ್ಲವೂ ಯಾರ ಕೈಗೆ ಬೀಳುತ್ತವೆ ಎಂಬುದನ್ನು ನೀವು ಬರೆದಿಲ್ಲ. ನಿಮ್ಮ ಪತ್ರದಲ್ಲಿ ಪತ್ನಿಯವರ ಅಭಿಪ್ರಾಯವೂ ಎಲ್ಲಿಯೂ ಇಲ್ಲದಿರುವುದರಿಂದ ಇದನ್ನು ಒತ್ತಿ ಹೇಳಬೇಕಾಯಿತು. ಹಾಲನ್ನು ಊರಿನ ಡೇರಿಗೆ ಹಾಕುವ ನೆರೆಯವರಿಂದ ಕೊಳ್ಳಿ, ಗೊಬ್ಬರವನ್ನೂ ಅವರಿಂದಲೇ ಗಾಡಿ ಲೆಕ್ಕದಲ್ಲಿ ತರಿಸಿಕೊಳ್ಳಿ. ಪ್ರಾಣಿ ಸಾಕಲೇಬೇಕೆಂದಿದ್ದರೆ ನಾಲ್ಕು ನಾಟಿ ಕೋಳಿ ಸಾಕಿ. ಅವು ಸಂಜೆಯಾದರೆ ತಾವೇ ಗೂಡು ಸೇರುತ್ತವೆ.

ಪ್ರಶ್ನೆ: ನಾನು ಶಿರಸಿ ಸಮೀಪದ ಪ್ರೌಢಶಾಲೆಯೊಂದರ ಶಿಕ್ಷಕಿ. ಯಜಮಾನರು ಮಾವನವರ ಹೆಸರಿನಲ್ಲಿರುವ ಎರಡು ಎಕರೆ ಅಡಿಕೆ ತೋಟವನ್ನು ನೋಡಿಕೊಳ್ಳುತ್ತಾರೆ. ಔಷಧಿ ಹೊಡೆಸುವುದಕ್ಕೂ ಮರ ಹತ್ತುವ ಕೊನೆಗಾರರ ಕೂಲಿಗೂ ಹೊಸ ಪಂಪಿಗೂ ನನ್ನ ಸಂಬಳವೇ ಹೋಗುತ್ತದೆ. ಶಾಲೆಗೆ ಹೋಗುವ ಮೊದಲು ಕೊಟ್ಟಿಗೆ, ಬಂದ ಮೇಲೆ ಅಡಿಕೆ ಸುಲಿಯುವ ಕೆಲಸ. ನೆಂಟರು ಬಂದಾಗ ಮನೆಯವರು "ನಮ್ಮದು ಸ್ವಾವಲಂಬಿ ಜೀವನ, ಪೇಟೆಯ ಹಂಗಿಲ್ಲ" ಎನ್ನುತ್ತಾರೆ. ನನಗೆ ಅದು ಸರಿ ಎನಿಸುವುದಿಲ್ಲ. (ಹೆಸರು ಬೇಡ, ಉತ್ತರ ಕನ್ನಡ)

ಉತ್ತರ: ನಿಮಗೆ ಅನಿಸಿದ್ದು ಸರಿಯಾಗಿಯೇ ಇದೆ. ಅಡಿಕೆ ತೋಟ ಸಂಬಳದಂತೆಯೇ ಹಣದ ಬೆಳೆ. ಅದರ ಧಾರಣೆ ನಿರ್ಧಾರವಾಗುವುದು ನಿಮ್ಮ ಅಂಗಳದಲ್ಲಿ ಅಲ್ಲ, ದೂರದ ಮಾರುಕಟ್ಟೆಗಳಲ್ಲಿ. 1970ರ ದಶಕದ ಆರಂಭದಲ್ಲಿ ಧಾರಣೆ ಕುಸಿದು ಬೆಳೆಗಾರರು ಕಂಗಾಲಾದ ಮೇಲೆಯೇ 1973ರಲ್ಲಿ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು. ನಿಮ್ಮ ಶಿರಸಿಯ ತೋಟಗಾರರಂತೂ ಅದಕ್ಕೂ ಅರ್ಧ ಶತಮಾನ ಮೊದಲೇ, 1923ರಲ್ಲಿ, ಸಹಕಾರಿ ಮಾರಾಟ ಸಂಘವನ್ನು ಕಟ್ಟಿಕೊಂಡಿದ್ದರು. ಪೇಟೆಯ ಹಂಗಿಲ್ಲದ ಬೆಳೆಯಾಗಿದ್ದರೆ ಇಂತಹ ಸಂಘಗಳ ಅಗತ್ಯವೇ ಬೀಳುತ್ತಿರಲಿಲ್ಲ. ಖರ್ಚಿನ ಕಡೆಯಿಂದ ನೋಡಿದರೂ ಅಷ್ಟೇ. ಕೊಳೆರೋಗ ತಡೆಯಲು ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣದಂತೆ ಬೋರ್ಡೋ ದ್ರಾವಣ ಮಾಡಿ, ಮಳೆ ಹಿಡಿಯುವ ಮೊದಲೊಮ್ಮೆ, ಅದಾಗಿ 40-45 ದಿನಕ್ಕೆ ಮತ್ತೊಮ್ಮೆ ಹೊಡೆಸಲೇಬೇಕು. ಆ ಹಣ ಬೇಕಾಗುವುದು ಜೂನ್ ಮತ್ತು ಜುಲೈ ತಿಂಗಳಲ್ಲಿ, ಅಡಿಕೆಯ ಹಣ ಕೈಗೆ ಬರುವುದು ಕೊಯ್ಲು, ಬೇಯಿಸುವಿಕೆ, ಒಣಗಿಸುವಿಕೆಗಳೆಲ್ಲ ಮುಗಿದ ಮೇಲೆ. ಈ ನಡುವಿನ ತಿಂಗಳುಗಳಲ್ಲಿ ತೋಟವನ್ನು ನಡೆಸುತ್ತಿರುವುದು ನಿಮ್ಮ ಸಂಬಳ. ಅದಿಲ್ಲದ ಮನೆಗಳಲ್ಲಿ ಅದೇ ಖರ್ಚು ಸೊಸೈಟಿಯ ಸಾಲವಾಗಿ ಬಡ್ಡಿಯೊಡನೆ ಕೂಡಿಕೊಳ್ಳುತ್ತದೆ.

ಹಾಗೆಂದು ತೋಟಕ್ಕೆ ಹಣ ಕೊಡುವುದನ್ನು ನಿಲ್ಲಿಸಿ ಎಂದು ಹೇಳುತ್ತಿಲ್ಲ. ಆದರೆ ಎರಡು ವ್ಯವಸ್ಥೆಗಳನ್ನು ಮಾಡಿಕೊಳ್ಳಿ. ಮನೆಯ ಲೆಕ್ಕಕ್ಕೂ ತೋಟದ ಲೆಕ್ಕಕ್ಕೂ ಬೇರೆ ಬೇರೆ ಪುಸ್ತಕವಿಟ್ಟು, ನಿಮ್ಮ ಸಂಬಳದಿಂದ ತೋಟಕ್ಕೆ ಹೋದ ಪ್ರತಿ ರೂಪಾಯಿಯನ್ನೂ ತೋಟ ನಿಮಗೆ ಕೊಡಬೇಕಾದ ಸಾಲವೆಂದು ಬರೆಯಿರಿ, ಅಡಿಕೆ ಮಾರಿದಾಗ ಮೊದಲು ಆ ಸಾಲ ತೀರಲಿ. ಹಣವನ್ನು ಕೈಯಲ್ಲಿ ಕೊಡದೆ ಬ್ಯಾಂಕಿನ ಮೂಲಕವೇ ಕೊಡಿ. ಎರಡನೆಯದು ಇನ್ನೂ ಮುಖ್ಯವಾದದ್ದು. ಪಹಣಿ ಮಾವನವರ ಹೆಸರಿನಲ್ಲಿದೆ. 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕುಂಟು, ಆದರೆ ಸೊಸೆಗೆ ಹಾಗೆ ಹಕ್ಕಿಲ್ಲ. ನಾಳೆ ಪಾಲು ಪಟ್ಟಿಯ ಮಾತು ಬಂದಾಗ ನಿಮ್ಮ ಸಂಬಳದ ಪಂಪೂ ಪೈಪೂ ಎಲ್ಲರ ಪಾಲಿಗೂ ಹಂಚಿಹೋಗುತ್ತವೆ. ಆದ್ದರಿಂದ ಮುಂದೆ ದೊಡ್ಡ ಮೊತ್ತವನ್ನು ಹಾಕುವ ಮೊದಲು, ಯಜಮಾನರ ಪಾಲು ಯಾವುದೆಂದು ಬರಹದಲ್ಲಿ ನಿಶ್ಚಯವಾಗಲಿ, ಸಾಧ್ಯವಾದರೆ ಆ ಪಾಲಿನ ಜಮೀನಿನ ದಾಖಲೆಯಲ್ಲಿ ನಿಮ್ಮಿಬ್ಬರ ಹೆಸರಿಗೆ ಜಂಟಿ ಖಾತೆ ಆಗಲಿ. ಇದನ್ನು ಹೇಗೆ ಕೇಳುವುದು ಎಂದು ನಿಮಗೆ ಹಿಂಜರಿಕೆ ಆಗಬಹುದು, ಆದರೆ ಮಾವನವರು ಇರುವಾಗ ಕೇಳುವುದು ಮುಂದೆ ಮೈದುನರ ಜೊತೆ ವಾದಿಸುವುದಕ್ಕಿಂತ ಹಗುರ.

ದುಡಿಮೆಯ ವಿಷಯವಾಗಿ ಒಂದು ಮಾತು. ಶಾಲೆಯಲ್ಲಿ ಏಳು ಗಂಟೆ ನಿಂತು ಬಂದವರು ಸುಗ್ಗಿಯ ಎರಡು ತಿಂಗಳು ರಾತ್ರಿ ಅಡಿಕೆ ಸುಲಿಯಬೇಕಾದ ಅಗತ್ಯ ಈಗ ಇಲ್ಲ. ಸುಲಿಯುವ ಯಂತ್ರ ಬಾಡಿಗೆಗೆ ಸಿಗುತ್ತದೆ, ಹಸಿ ಅಡಿಕೆಯನ್ನೇ ಮಾರಿಬಿಡುವ ದಾರಿಯೂ ಇದೆ. ಅದರಿಂದ ಕ್ವಿಂಟಲಿಗೆ ಎಷ್ಟು ನಷ್ಟವಾಗುತ್ತದೆ ಎಂದು ಮನೆಯವರು ಲೆಕ್ಕ ಹಾಕಿದರೆ, ನಿಮ್ಮ ಆ ರಾತ್ರಿಗಳಿಗೆ ಊರಿನ ಕೂಲಿಯ ದರ ಕಟ್ಟಿ ಅದನ್ನೂ ಪಕ್ಕದಲ್ಲಿ ಬರೆದು ತೋರಿಸಿ. ಮನೆಗೆ ನಿಜವಾಗಿ ಪೇಟೆಯ ಹಂಗನ್ನು ಕಡಿಮೆ ಮಾಡುತ್ತಿರುವುದು ಹಿತ್ತಲಿನ ಬಾಳೆ, ಬಸಳೆ, ಕಾಳುಮೆಣಸು, ಹಲಸು ಮತ್ತು ಕೊಟ್ಟಿಗೆಯ ಹಾಲು, ಮತ್ತು ಅವುಗಳಲ್ಲಿ ಹೆಚ್ಚಿನವು ನಿಮ್ಮ ಕೈಯಿಂದಲೇ ಆಗುತ್ತಿವೆ ಎಂದು ನನ್ನ ಊಹೆ.

ಪ್ರಶ್ನೆ: ನಾನು ಬ್ಯಾಂಕ್ ನೌಕರ, ಹೆಸರಿನಲ್ಲಿ ಮೂರು ಎಕರೆ ಜಮೀನಿದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಾದ್ದರಿಂದ ಅದನ್ನು ತೋರಿಸಬೇಕಾಗಿಲ್ಲ ಅಲ್ಲವೆ? ಪಿಎಂ ಕಿಸಾನ್ ಹಣಕ್ಕೆ ಅರ್ಜಿ ಹಾಕಬಹುದೆ? (ಓದುಗರು, ಧಾರವಾಡ)

ಉತ್ತರ: ತೋರಿಸಬೇಕು. ಕೃಷಿ ಆದಾಯಕ್ಕೆ ನೇರವಾಗಿ ತೆರಿಗೆ ಇಲ್ಲವೆಂಬುದು ನಿಜ. ಆದರೆ ಸಂಬಳ ತೆರಿಗೆಯ ಮಿತಿಯನ್ನು ಮೀರಿದ್ದು, ನಿವ್ವಳ ಕೃಷಿ ಆದಾಯ ವರ್ಷಕ್ಕೆ 5,000 ರೂಪಾಯಿ ದಾಟಿದರೆ, ಸಂಬಳದ ಮೇಲಿನ ತೆರಿಗೆಯ ದರವನ್ನು ನಿರ್ಧರಿಸುವಾಗ ಅದನ್ನೂ ಕೂಡಿಸಿ ಲೆಕ್ಕ ಹಾಕುತ್ತಾರೆ. ಬೀಜ, ಗೊಬ್ಬರ, ಕೂಲಿಯ ರಸೀದಿಗಳನ್ನು ಇಟ್ಟುಕೊಂಡರೆ ನಿಮಗೇ ಅನುಕೂಲ. ಪಿಎಂ ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿ ಆದಾಯ ತೆರಿಗೆ ಕಟ್ಟುವವರಿಗೆ ಸಲ್ಲುವುದಿಲ್ಲ, ಆದ್ದರಿಂದ ಅರ್ಜಿ ಹಾಕುವ ಗೋಜಿಗೆ ಹೋಗಬೇಡಿ. ಪಡೆದಿದ್ದವರಿಂದ ವಾಪಸು ಕೇಳಿದ ಪ್ರಕರಣಗಳಿವೆ.

ಪ್ರಶ್ನೆ: ನನಗೆ 38 ವರ್ಷ. ಮೈಸೂರಿನ ಖಾಸಗಿ ಕಾರ್ಖಾನೆಯಲ್ಲಿ ಎಂಟೂವರೆ ವರ್ಷದಿಂದ ಕೆಲಸದಲ್ಲಿದ್ದೇನೆ. ಎಚ್.ಡಿ. ಕೋಟೆಯ ಕಡೆ, ಕಾಡಂಚಿನಲ್ಲಿ ಮೂರು ಎಕರೆ ಕೊಂಡಿದ್ದೇನೆ. ಸಹಜ ಕೃಷಿಕ ಚೇರ್ಕಾಡಿ ರಾಮಚಂದ್ರ ರಾಯರು, ಸಾವಯವ ಕೃಷಿಕ ಮರೇನಹಳ್ಳಿಯ ನಾರಾಯಣ ರೆಡ್ಡಿಯವರ ಬದುಕನ್ನು ಓದಿದ ಮೇಲೆ ಬರುವ ಯುಗಾದಿಗೆ ರಾಜೀನಾಮೆ ಕೊಡಬೇಕೆಂದಿದ್ದೇನೆ. ಮನೆ ಸಾಲ ಇನ್ನೂ ನಾಲ್ಕು ವರ್ಷ ಇದೆ. (ಓದುಗರು, ಮೈಸೂರು)

ಉತ್ತರ: ನೀವು ಹೆಸರಿಸಿದ ಇಬ್ಬರೂ ಗೌರವಕ್ಕೆ ಪಾತ್ರರು. ಆದರೆ ಚೇರ್ಕಾಡಿಯ ರಾಯರು ಗಾಂಧಿ ಮಾರ್ಗದ ಸರಳ ಜೀವನ ನಡೆಸಿದವರು. ಅವರ ಸಾಧನೆಯ ಗುಟ್ಟು ಅವರ ಬೆಳೆಯಲ್ಲಿ ಎಷ್ಟಿತ್ತೋ ಬೇಕುಗಳ ಮಿತಿಯಲ್ಲಿಯೂ ಅಷ್ಟೇ ಇತ್ತು. ತಿಂಗಳ ಕಂತು ಕಟ್ಟುವವರು ಅವರ ಜಮೀನಿನ ವಿಸ್ತೀರ್ಣವನ್ನಷ್ಟೇ ಮಾದರಿಯಾಗಿ ತೆಗೆದುಕೊಳ್ಳುವುದು ಅಪಾಯ. ಕಂತನ್ನು ರಾಗಿಯಲ್ಲಿ ತೀರಿಸಲು ಬ್ಯಾಂಕು ಒಪ್ಪುವುದಿಲ್ಲ.

ಬರುವ ಯುಗಾದಿಯ ಆತುರ ಬೇಡ. ಭವಿಷ್ಯ ನಿಧಿಯ ಪಿಂಚಣಿ ಯೋಜನೆಯಲ್ಲಿ ತಿಂಗಳ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಈಗಿನ 15,000 ರೂಪಾಯಿಯ ವೇತನ ಮಿತಿಯ ಮೇಲೆ ಹತ್ತು ವರ್ಷಕ್ಕೆ ಅದು ತಿಂಗಳಿಗೆ ಸುಮಾರು 2,143 ರೂಪಾಯಿ ಆಗುತ್ತದೆ, ದೊರೆಯುವುದು 58ನೆಯ ವಯಸ್ಸಿನಿಂದ. ಸಣ್ಣ ಮೊತ್ತವೇ, ಆದರೂ ಒಂದೂವರೆ ವರ್ಷ ಕಾದರೆ ಬರುವುದನ್ನು ಬಿಡುವುದೇಕೆ? ಅದಕ್ಕಿಂತ ಮುಖ್ಯವಾದದ್ದು ಆರೋಗ್ಯ ವಿಮೆ. ಕಾರ್ಖಾನೆಯ ಗುಂಪು ವಿಮೆ ನೀವು ಬಿಟ್ಟ ದಿನವೇ ನಿಲ್ಲುತ್ತದೆ, ಆಮೇಲೆ ಹೊಸದಾಗಿ ಮಾಡಿಸಿದರೆ ಮೊದಲೇ ಇದ್ದ ಕಾಯಿಲೆಗಳಿಗೆ ಮೂರು ವರ್ಷದವರೆಗೆ ಪರಿಹಾರ ಸಿಗದಿರಬಹುದು. ಸಂಬಳ ಬರುತ್ತಿರುವಾಗಲೇ ಕುಟುಂಬದ ಹೆಸರಿನಲ್ಲಿ ಸ್ವಂತ ಪಾಲಿಸಿ ಮಾಡಿಸಿ, ಆ ಕಾಯುವ ಅವಧಿಯನ್ನು ಕೆಲಸದಲ್ಲಿದ್ದುಕೊಂಡೇ ಕಳೆಯಿರಿ. ಅಷ್ಟರಲ್ಲಿ ಸಾಲವೂ ಬಹುಮಟ್ಟಿಗೆ ಇಳಿದಿರುತ್ತದೆ.

ಈ ಮೂರು ನಾಲ್ಕು ವರ್ಷ ಜಮೀನು ಖಾಲಿ ಬಿದ್ದಿರಬೇಕಾಗಿಲ್ಲ. ವಾರಕ್ಕೊಮ್ಮೆ ಹೋಗಿಬರುವವರಿಗೆ ಮರದ ಬೆಳೆಗಳೇ ಸರಿ. ಮೊದಲು ಬೇಲಿ, ಆಮೇಲೆ ನೀರು, ಅದಾದ ಮೇಲೆ ಸಸಿ, ಈ ಕ್ರಮ ತಪ್ಪಿದರೆ ಸಸಿಯ ಹಣ ಹಂದಿಯ ಪಾಲಾಗುತ್ತದೆ. ಕಸಿ ಮಾವು, ನಿಂಬೆ, ನುಗ್ಗೆ, ಬೇಲಿಯುದ್ದಕ್ಕೆ ಸಿಲ್ವರ್ ಓಕ್ ಮತ್ತು ಗ್ಲಿರಿಸಿಡಿಯಾ ನೆಡಬಹುದು. ಹಲಸು ಮತ್ತು ಬಾಳೆಗಳನ್ನು ಮಾತ್ರ, ನೀವು ಅಲ್ಲಿಯೇ ವಾಸಕ್ಕೆ ಹೋಗುವವರೆಗೆ ನೆಡಬೇಡಿ. ನಾಗರಹೊಳೆಯ ಅಂಚಿನ ಆನೆಗಳಿಗೆ ಅವುಗಳ ಮೇಲೆ ಬಹಳ ಪ್ರೀತಿ.