‘ಸಿನ್ಸ್’ ಬಿಡಿ, ಮೊದಲು ಕ್ರಿಯಾಪದ ನೋಡಿ

ಈ ಸಲವೂ ಓದುಗರ ಪತ್ರಗಳಲ್ಲಿ ಹೆಚ್ಚಿನವು ಇಂಗ್ಲಿಷಿನ ‘ಸಿನ್ಸ್’, ‘ಫಾರ್’, ‘ಫ್ರಂ’ ಕುರಿತೇ ಇವೆ. ಒಮ್ಮೆ ವಿವರವಾಗಿ ಬರೆದು ಮುಗಿಸಿಬಿಡುತ್ತೇನೆ. ಕ್ರಿಯಾಪದ ಎಂದರೇನು, ಕಾಲಗಳು ಎಷ್ಟು ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಮಕ್ಕಳ ಶಾಲಾ ಪುಸ್ತಕ ತೆರೆದು ನೋಡಿಕೊಳ್ಳಿ.

ಪ್ರಶ್ನೆ: ಕೆಲಸದ ಸಂದರ್ಶನದಲ್ಲಿ ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ತ್ರೀ ಇಯರ್ಸ್’ ಎಂದೆ. ತಪ್ಪು ಎಂದರು. ‘ಫ್ರಂ ತ್ರೀ ಇಯರ್ಸ್’ ಎಂದೆ, ಅದೂ ತಪ್ಪಂತೆ. ‘ಫಾರ್’ ಹಾಕಿದರೆ ಸರಿಯಾಗುತ್ತದೆಯೇ? (ಹಾವೇರಿಯ ಓದುಗರು)

ಉತ್ತರ: ಆಗುವುದಿಲ್ಲ. ಎಲ್ಲರೂ ಆ ಪುಟ್ಟ ಪದವನ್ನೇ ತೆಗೆದು ಹಾಕಿ ಮಾಡುತ್ತಾರೆ, ಪಕ್ಕದಲ್ಲಿರುವ ಕ್ರಿಯಾಪದದತ್ತ ಕಣ್ಣು ಹಾಯಿಸುವುದೇ ಇಲ್ಲ. ‘ಮೂರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’ ಎನ್ನುವಾಗ ನಮ್ಮ ಕ್ರಿಯಾಪದ ವರ್ತಮಾನದಲ್ಲೇ ಇರುತ್ತದೆ. ಕಳೆದುಹೋದ ಮೂರು ವರ್ಷಗಳ ಹೊರೆಯನ್ನೆಲ್ಲ ‘ಇಂದ’ ಎಂಬ ಪ್ರತ್ಯಯವೇ ಹೊರುತ್ತದೆ. ಇಂಗ್ಲಿಷಿನಲ್ಲಿ ಆ ಹೊರೆ ಕ್ರಿಯಾಪದದ ತಲೆಯ ಮೇಲಿದೆ. ಆದ್ದರಿಂದ ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್’ ಎಂಬುದನ್ನು ಮೊದಲು ಬಾಯಿಗೆ ತಂದುಕೊಳ್ಳಿ. ಆಮೇಲೆ ‘ಫಾರ್ ತ್ರೀ ಇಯರ್ಸ್’.

ಇದು ಕನ್ನಡ ಮಾಧ್ಯಮದವರ ಕಾಯಿಲೆ ಎಂದು ಹೆದರಿಸಿ, ಮೂವತ್ತು ದಿನಗಳಲ್ಲಿ ವಾಸಿ ಮಾಡುತ್ತೇವೆಂದು ಹಣ ಕೀಳುವವರಿದ್ದಾರೆ. ಅವರ ಮಾತು ನಂಬಬೇಡಿ. ಹಿಂದಿಯ ‘ಸೇ’ ನಮ್ಮ ‘ಇಂದ’ದಂತೆಯೇ ನಡೆದುಕೊಳ್ಳುತ್ತದೆ. ಜರ್ಮನ್ನರ ‘ಜೈಟ್’, ಫ್ರೆಂಚರ ‘ದೆಪ್ವಿ’ ಕೂಡ ‘ಸಿನ್ಸ್’ ಮತ್ತು ‘ಫಾರ್’ ಎರಡರ ಕೆಲಸವನ್ನೂ ಮಾಡುತ್ತವೆ, ಜೊತೆಗೆ ವರ್ತಮಾನದ ಕ್ರಿಯಾಪದವನ್ನೇ ಬಯಸುತ್ತವೆ. ಅಲ್ಲಿನವರೂ ಇಂಗ್ಲಿಷ್ ಕಲಿಯುವಾಗ ‘ಸಿನ್ಸ್ ತ್ರೀ ಇಯರ್ಸ್’ ಎಂದೇ ಎಡವುತ್ತಾರೆ. ಅವರಿಗೆ ಯಾರೂ ಜರ್ಮನ್ ಮಾಧ್ಯಮದಲ್ಲಿ ಓದಿದ್ದಕ್ಕೆ ಹೀಗಾಯಿತು ಎನ್ನುವುದಿಲ್ಲ.

ಇನ್ನು ಆಯ್ಕೆಯ ವಿಷಯ. ‘ಸಿನ್ಸ್’ ಕಾಲಬಿಂದುವಿಗೆ, ‘ಫಾರ್’ ಕಾಲಾವಧಿಗೆ ಎಂದು ಎಲ್ಲರೂ ಉರು ಹೊಡೆದಿರುತ್ತೀರಿ. ಸೂತ್ರ ಸರಿಯಾಗಿಯೇ ಇದೆ, ಆದರೆ ಮಾತನಾಡುವ ಅವಸರದಲ್ಲಿ ಬಿಂದು ಯಾವುದು, ಅವಧಿ ಯಾವುದು ಎಂದು ಯಾರಿಗೂ ಹೊಳೆಯುವುದಿಲ್ಲ. ಕನ್ನಡದಲ್ಲೇ ಒಂದು ಪ್ರಶ್ನೆ ಕೇಳಿಕೊಳ್ಳಿ. ನಿಮ್ಮ ಮಾತು ‘ಯಾವಾಗಿನಿಂದ?’ ಎಂಬುದಕ್ಕೆ ಉತ್ತರವಾದರೆ ‘ಸಿನ್ಸ್’, ‘ಎಷ್ಟು ಕಾಲದಿಂದ?’ ಎಂಬುದಕ್ಕೆ ಉತ್ತರವಾದರೆ ‘ಫಾರ್’. ಚಿಕ್ಕಂದಿನಿಂದ, ಮದುವೆಯಾದಾಗಿನಿಂದ, 2019ರಿಂದ, ಬೆಳಗಿನಿಂದ: ಇವೆಲ್ಲ ‘ಸಿನ್ಸ್’. ಬಹಳ ದಿನದಿಂದ, ಎರಡು ಗಂಟೆಯಿಂದ, ವರ್ಷಗಟ್ಟಲೆಯಿಂದ: ಇವು ‘ಫಾರ್’. ಆದರೆ ‘ಎರಡು ಗಂಟೆಯಿಂದ ಕಾಯುತ್ತಿದ್ದೇನೆ’ ಎನ್ನುವಾಗ ಗಡಿಯಾರದ ಎರಡು ಗಂಟೆಯೋ, ಕಾದು ಕಳೆದ ಎರಡು ತಾಸೋ? ಕನ್ನಡದಲ್ಲಿ ಕೇಳುವವರು ಊಹಿಸಿಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ಮೊದಲನೆಯದು ‘ಸಿನ್ಸ್ ಟೂ ಓ ಕ್ಲಾಕ್’, ಎರಡನೆಯದು ‘ಫಾರ್ ಟೂ ಅವರ್ಸ್’.

ಪರೀಕ್ಷೆಯವರಿಗೆ ಬಲು ಪ್ರಿಯವಾದ ಬಲೆ ‘ಲಾಸ್ಟ್ ವೀಕ್’. ‘ಸಿನ್ಸ್ ಲಾಸ್ಟ್ ವೀಕ್’ ಎಂದರೆ ಹೋದ ವಾರ ಶುರುವಾಗಿದ್ದು ಇನ್ನೂ ನಿಂತಿಲ್ಲ. ‘ಫಾರ್ ದ ಲಾಸ್ಟ್ ವೀಕ್’ ಎಂದರೆ ಇವತ್ತಿಗೆ ಸರಿಯಾಗಿ ಹಿಂದಿನ ಏಳು ದಿನ. ಒಂದು ‘ದ’ ಬಂದದ್ದರಿಂದ ಬಿಂದು ಅವಧಿಯಾಯಿತು. ‘ಸಿನ್ಸ್’ ಮುಂದೆ ಒಂದು ಘಟನೆ ಬಂದರೆ ಅದನ್ನು ಭೂತಕಾಲದಲ್ಲಿ ಹೇಳಿ: ‘ಸಿನ್ಸ್ ಐ ಕೇಮ್ ಟು ಮೈಸೂರು’. ‘ಇಟ್ ಈಸ್ ತ್ರೀ ಇಯರ್ಸ್ ಸಿನ್ಸ್ ಹೀ ಲೆಫ್ಟ್’ ಎಂಬ ವಾಕ್ಯ ತೋರಿಸಿ ನನ್ನೊಡನೆ ವಾದಿಸಲು ಹೊರಟವರು ಗಮನಿಸಿ, ಅಲ್ಲಿ ಮೂರು ವರ್ಷ ‘ಸಿನ್ಸ್’ನ ಹಿಂದಿದೆ, ಮುಂದಿರುವುದು ಅವನು ಹೊರಟ ಗಳಿಗೆ.

‘ಫ್ರಂ’ ಆರಂಭವನ್ನು ಮಾತ್ರ ತೋರಿಸುತ್ತದೆ. ಈ ಕ್ಷಣದವರೆಗೆ ಬಂದು ಮುಟ್ಟುವ ಹಂಗು ಅದಕ್ಕಿಲ್ಲ. ‘ಫ್ರಂ 2015 ಟು 2019’ ಎಂದು ಮುಗಿದುಹೋದ ಕೆಲಸಕ್ಕೂ, ‘ಫ್ರಂ ಮಂಡೇ’ ಎಂದು ಮುಂದೆ ತೆರೆಯಲಿರುವ ಅಂಗಡಿಗೂ ಸಲ್ಲುತ್ತದೆ. ರಜಾ ಅರ್ಜಿಯಲ್ಲಿ ‘ಸಫರಿಂಗ್ ಫ್ರಂ ಫೀವರ್ ಫ್ರಂ ಟೂ ಡೇಸ್’ ಎಂದು ಬರೆಯುವವರು ಮೊದಲನೆಯ ‘ಫ್ರಂ’ ಉಳಿಸಿಕೊಂಡು ಎರಡನೆಯದನ್ನು ‘ಫಾರ್’ ಮಾಡಲಿ. ಜ್ವರವನ್ನಂತೂ ನಾನು ಪ್ರಶ್ನಿಸುವುದಿಲ್ಲ.

ಸಂದರ್ಶನಕ್ಕೆ ಹೋಗುವವರಿಗೆ ಇನ್ನೂ ಒಂದು ಮಾತು, ಏಕೆಂದರೆ ಇಲ್ಲಿ ಅರ್ಥವೇ ಬದಲಾಗುತ್ತದೆ. ‘ಐ ವರ್ಕ್ಡ್ ದೇರ್ ಫಾರ್ ತ್ರೀ ಇಯರ್ಸ್’ ಎಂದರೆ ಆ ಕೆಲಸ ಬಿಟ್ಟಿದ್ದೀರಿ. ‘ಐ ಹ್ಯಾವ್ ವರ್ಕ್ಡ್ ದೇರ್ ಫಾರ್ ತ್ರೀ ಇಯರ್ಸ್’ ಎಂದರೆ ಇನ್ನೂ ಅಲ್ಲಿದ್ದೀರಿ. ಹೊರದೇಶಕ್ಕೆ ಹೋಗುವವರಿಗೂ ಇಂಥದ್ದೇ ಎಚ್ಚರಿಕೆ ಬೇಕು. ವಲಸೆ ಅಧಿಕಾರಿ ‘ಹೌ ಲಾಂಗ್ ಆರ್ ಯು ಹಿಯರ್ ಫಾರ್?’ ಎಂದು ಕೇಳಿದರೆ, ಒಟ್ಟು ಎಷ್ಟು ದಿನ ಇರುತ್ತೀರಿ ಎಂದರ್ಥ. ಬಂದು ಎಷ್ಟು ದಿನವಾಯಿತು ಎಂಬುದಕ್ಕೆ ‘ಹೌ ಲಾಂಗ್ ಹ್ಯಾವ್ ಯು ಬೀನ್ ಹಿಯರ್?’ ಎನ್ನುತ್ತಾರೆ. ಆರು ತಿಂಗಳು ಮಗಳ ಮನೆಯಲ್ಲಿರಲು ಹೊರಟವರು ಮೊದಲ ಪ್ರಶ್ನೆಗೆ ‘ಸಿನ್ಸ್ ಮಾರ್ನಿಂಗ್’ ಎಂದರೆ ಆ ಅಧಿಕಾರಿ ಇನ್ನಷ್ಟು ಪ್ರಶ್ನೆ ಕೇಳದೆ ಬಿಡುವುದಿಲ್ಲ.

ಕಚೇರಿಯಲ್ಲಿ ಸಹೋದ್ಯೋಗಿ ‘ಸಿನ್ಸ್ ಟೂ ಇಯರ್ಸ್’ ಎಂದರೆ ಅರ್ಥವಾಗುತ್ತದೆ, ತಿದ್ದಲು ಹೋಗಬೇಡಿ. ಅಂಕಕ್ಕಾಗಿ ಬರೆಯುವವರು ಮಾತ್ರ ನಾನು ಹೇಳಿದಷ್ಟನ್ನು ಬಿಗಿಯಾಗಿ ಪಾಲಿಸಿ.

ಪ್ರಶ್ನೆ: ‘ಬೈ ಫ್ರೈಡೇ’, ‘ಅನ್‌ಟಿಲ್ ಫ್ರೈಡೇ’ ಒಂದೇ ಅಲ್ಲವೇ?

ಉತ್ತರ: ಅಲ್ಲ. ಶುಕ್ರವಾರದೊಳಗೆ ಹಣ ಕಟ್ಟಿ: ‘ಬೈ’. ಶುಕ್ರವಾರದವರೆಗೆ ಕಚೇರಿ ತೆರೆದಿರುತ್ತದೆ: ‘ಅನ್‌ಟಿಲ್’. ಕನ್ನಡ ಇಷ್ಟು ಸ್ಪಷ್ಟವಾಗಿ ಬೇರ್ಪಡಿಸಿ ಕೊಟ್ಟಿರುವಾಗಲೂ ಗೊಂದಲವೇಕೆ?

ಪ್ರಶ್ನೆ: ‘ಡಿಸ್ಕಸ್ ಅಬೌಟ್’ ಸರಿಯೇ?

ಉತ್ತರ: ಅಲ್ಲ. ದಯವಿಟ್ಟು ಇನ್ನು ಕೇಳಬೇಡಿ.

ಪ್ರಶ್ನೆ: ಇಬ್ಬರಿಗೆ ‘ಬಿಟ್ವೀನ್’, ಮೂವರಿಗೆ ‘ಅಮಾಂಗ್’ ತಾನೇ?

ಉತ್ತರ: ಇದೊಂದು ಹಳೆಯ ಅರ್ಧಸತ್ಯ. ಒಬ್ಬೊಬ್ಬರನ್ನೂ ಬಿಡಿಯಾಗಿ ಎಣಿಸುವಂತಿದ್ದರೆ ಎಷ್ಟು ಜನರಿದ್ದರೂ ‘ಬಿಟ್ವೀನ್’ ನಡೆಯುತ್ತದೆ. ಕಾವೇರಿ ವಿವಾದ ಕರ್ನಾಟಕ, ತಮಿಳುನಾಡು, ಕೇರಳ, ಪುದುಚೇರಿ ಈ ನಾಲ್ಕರ ನಡುವಿನದು. ಅಲ್ಲಿ ‘ಬಿಟ್ವೀನ್’ ಎಂದು ಬರೆದವರನ್ನು ತಿದ್ದಬೇಡಿ.

ಪ್ರಶ್ನೆ: ವಾಕ್ಯದ ಕೊನೆಗೆ ಪ್ರೆಪೊಸಿಷನ್ ಬರಬಾರದೆಂದು ನಮ್ಮ ಮೇಷ್ಟರು ಹೇಳಿದ್ದರು.

ಉತ್ತರ: ಕವಿ ಡ್ರೈಡನ್ 1672ರಲ್ಲಿ ನಾಟಕಕಾರ ಬೆನ್ ಜಾನ್ಸನ್‌ನ ಬರವಣಿಗೆಯಲ್ಲಿ ಹಿಡಿದು ತೋರಿಸಿದ ತಪ್ಪು ಅದು. 1926ರಲ್ಲಿ ಇಂಗ್ಲಿಷ್ ಬಳಕೆಯ ಹೆಸರಾಂತ ಕೈಪಿಡಿ ಬರೆದ ಫೌಲರ್ ಅದನ್ನು ಮೂಢನಂಬಿಕೆಯ ಸಾಲಿಗೆ ಸೇರಿಸಿದರು. ‘ವೇರ್ ಆರ್ ಯು ಫ್ರಂ?’ ಎಂಬುದನ್ನು ನಿಮ್ಮ ಮೇಷ್ಟರು ಬೇರೆ ಹೇಗೆ ಕೇಳುತ್ತಿದ್ದರೋ!

ಪ್ರಶ್ನೆ: ‘ಎ ಯೂನಿವರ್ಸಿಟಿ’, ‘ಆನ್ ಎಂಎಲ್‌ಎ’ ಹೇಗೆ ಸರಿ?

ಉತ್ತರ: ಇಂಗ್ಲಿಷ್ ಅಕ್ಷರ ನೋಡಬೇಡಿ, ಉಚ್ಚಾರ ಕೇಳಿಸಿಕೊಳ್ಳಿ. ಯೂನಿವರ್ಸಿಟಿ ‘ಯ’ಕಾರದಿಂದ ಶುರುವಾಗುತ್ತದೆ, ಎಂಎಲ್‌ಎ ಸ್ವರದಿಂದ. ‘ಒನ್’ ಎಂದು ಬರೆದರೂ ಬಾಯಲ್ಲಿ ಬರುವುದು ‘ವನ್’, ಹಾಗಾಗಿ ‘ಎ ಒನ್ ರುಪೀ ಕಾಯಿನ್’. ಎಗ್ಗನ್ನು ‘ಯೆಗ್’ ಎನ್ನುವವರು ಮೊದಲು ಉಚ್ಚಾರ ತಿದ್ದಿಕೊಂಡು ಆಮೇಲೆ ಈ ಉಪಾಯ ಬಳಸಲಿ.